ಕೆಂಪವ್ವನ ವಾಯಿದೆ

ಟಕ್.

ಒಂದೇ ಸಲ. ಉಂಗುರ ಹಾಕಿದ ಬೆರಳಿನಿಂದ ಒಣ ಕಟ್ಟಿಗೆಯ ಮೇಲೆ ಬಡಿದರೆ ಆಗುವಷ್ಟು ಸಪ್ಪಳ. ರೇಷ್ಮಾ ಕಣ್ಣು ತೆರೆದಳು.

ಅವಳ ನಿದ್ದೆ ಮೊದಲಿನಿಂದಲೂ ತೆಳು. ಮನೆಯಲ್ಲಿ ರಾತ್ರಿ ಆಗುವ ಸಪ್ಪಳಗಳೆಲ್ಲ ಅವಳಿಗೆ ಗೊತ್ತು. ಹಿತ್ತಲಿನ ತಗಡು ತಂಪಾಗುತ್ತ ಕಟಕಟ ಅನ್ನುವುದು, ಹಟ್ಟಿಯಲ್ಲಿ ಮುದಿ ಟಗರು ಕೆಮ್ಮುವುದು, ಅಪ್ಪ ಸಾಬಣ್ಣ ನಿದ್ದೆಯಲ್ಲೇ ಕಬ್ಬಿನ ಟ್ರ್ಯಾಕ್ಟರಿನವನಿಗೆ ಬೈಯುವುದು. ಇದು ಅವು ಯಾವುವೂ ಅಲ್ಲ. ಇದು ಏನೆಂದು ಅವಳಿಗೆ ಕೂಡಲೇ ತಿಳಿಯಿತು. ತಿಳಿದದ್ದಕ್ಕೇ ಎದ್ದು ನೋಡುವ ಧೈರ್ಯವಾಗಲಿಲ್ಲ. ಅದು ಡೊಳ್ಳಿನ ಸಪ್ಪಳ. ಚರ್ಮದ್ದಲ್ಲ, ಚರ್ಮ ಬಿಗಿದ ಕಟ್ಟಿಗೆಯದು. ಡೊಳ್ಳು ಪಡಸಾಲೆಯ ಗೂಟದಲ್ಲಿ ಕಂಬಳಿ ಹೊದ್ದು ತೂಗುತ್ತಿತ್ತು. ಅದರ ಕೆಳಗಿನ ಹೊರಸಿನ ಮೇಲೆ, ಆ ದಿನ ಸಂಜೆಯಷ್ಟೇ ಬಂದಿಳಿದ ಚೀನಾದ ಹಾಡುಗಾರ್ತಿ ಮಲಗಿದ್ದಳು.

"ಆಯಿ," ಎಂದು ರೇಷ್ಮಾ ಮೆಲ್ಲಗೆ ಕರೆದಳು.

ಪಕ್ಕದ ಹಾಸಿಗೆಯಲ್ಲಿ ಅವಳ ಅಜ್ಜಿ ಲಗಮವ್ವ ಆಗಲೇ ಎದ್ದು ಕೂತಿದ್ದಳು.

"ಕೇಳಿಸ್ತೇನ ಬೇ?"

"ಹಲ್ಲಿ. ಮಲ್ಕೋ."

ಹಲ್ಲಿ ಲೊಚಗುಟ್ಟಿದ್ದಕ್ಕೆ ಯಾರೂ ತಲೆಯ ಮೇಲೆ ಸೆರಗು ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಎದುರು ಮೇಳದ ಮುಂದೆ ಕೂತಂತೆ ಕೂರುವುದಿಲ್ಲ. ಆಯಿ ಬೆಳಗಾಗುವ ತನಕ ಹಾಗೆಯೇ ಕೂತಿದ್ದಳು.

ಆ ಒಂದು ಪೆಟ್ಟಿನ ಅರ್ಥ ಕೃಷ್ಣೆಯ ಆ ದಂಡೆ ಈ ದಂಡೆಯ ಡೊಳ್ಳಿನ ಮೇಳದವರಿಗೆಲ್ಲ ಗೊತ್ತಿತ್ತು. ಕುರಿಗಾರರ ದೇವರಾದ ಬೀರಪ್ಪನ ಜಾಗರಣೆಗೆ ಎರಡು ಮೇಳಗಳು ಎದುರುಬದುರು ಕೂರುತ್ತವೆ. ಒಂದು ಮೇಳ ಪದದಲ್ಲಿ ಸವಾಲು ಹಾಕುತ್ತದೆ, ಇನ್ನೊಂದು ಪದದಲ್ಲೇ ಜವಾಬು ಕೊಡಬೇಕು. ಜವಾಬು ಹೊಳೆದವರು ಕೂಗುವುದಿಲ್ಲ, ಅದು ಹಗುರತನ. ಮೇಳದ ಮುಂದಾಳು ಡೊಳ್ಳಿನ ಕಟ್ಟಿಗೆಗೆ ಉಂಗುರದಿಂದ ಒಂದು ಸಲ ಬಡಿಯುತ್ತಾಳೆ. ನೀವು ಸುಮ್ಮನಿರಿ, ಈಗ ಪಾಳಿ ನಮ್ಮದು ಎಂದು ಅದರ ಅರ್ಥ. ಜವಾಬು ಹೊಳೆಯದಿದ್ದರೆ ವಾಯಿದೆ ಕೇಳಬೇಕು. ವಾಯಿದೆ ಕೇಳಿದ ಮುಂದಾಳು ಜವಾಬು ಕಟ್ಟಿ ತರುವವರೆಗೆ ಬಾಯಿ ಕಟ್ಟಬೇಕು. ಹಾಡಷ್ಟೇ ಅಲ್ಲ, ಮಾತೂ ಇಲ್ಲ. ಅವಳು ಜವಾಬು ತರದೆ ಸತ್ತರೆ, ಆ ಸವಾಲನ್ನು ಕೇಳಿ ತಿಳಿದುಕೊಂಡಿದ್ದವರ ಮೇಲೆ ಅದು ಬೀಳುತ್ತದೆ. ಇದೆಲ್ಲ ಹೇಳುವುದಕ್ಕೆ ಮಾತ್ರ. ಹೆಚ್ಚಿನವರು ಎರಡು ದಿನ ಮೂಗರಂತೆ ತಿರುಗಿ, ಏನೋ ಒಂದು ಜವಾಬು ಹೊಂದಿಸಿ ತಂದು, ನಕ್ಕು, ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದರು.

ಕೆಂಪವ್ವ ಒಬ್ಬಳು ಹಾಗೆ ಮಾಡಲಿಲ್ಲ.

ಕೆಂಪವ್ವ ಬೀಳಗಿ ಕಡೆಯವಳು, ನದಿದಂಡೆಯ ಹಳ್ಳಿಯವಳು, ಲಗಮವ್ವನ ಎದುರು ಮೇಳದ ಮುಂದಾಳು. ರೇಷ್ಮಾ ಹುಟ್ಟುವುದಕ್ಕೂ ಮೊದಲು ಒಂದು ಜಾಗರಣೆಯಲ್ಲಿ ಲಗಮವ್ವ ಹಾಕಿದ ಸವಾಲಿಗೆ ಅವಳಿಗೆ ಜವಾಬು ಹೊಳೆಯಲಿಲ್ಲ. ವಾಯಿದೆ ಕೇಳಿ ಎದ್ದು ಹೋದಳು. ಮರುವರ್ಷ ಅಣೆಕಟ್ಟಿನ ಹಿನ್ನೀರು ಬಂದು ಅವಳ ಹಳ್ಳಿ ಮುಳುಗಿತು. ಊರಿನವರು ದಿಕ್ಕಿಗೊಬ್ಬರಂತೆ ಹೊಸ ಊರುಗಳಿಗೆ ಹೋದರು, ಮೇಳ ಒಡೆಯಿತು. ಕೆಂಪವ್ವ ಪುನರ್ವಸತಿಯ ಮನೆಯಲ್ಲಿ, ಯಾರೊಂದಿಗೂ ಒಂದು ಮಾತೂ ಆಡದೆ, ಬಾಯಿ ಕಟ್ಟಿಕೊಂಡೇ ತೀರಿಕೊಂಡಳು. ಆಮೇಲೆ ಲಗಮವ್ವ ಆ ಸವಾಲನ್ನು ಎಲ್ಲಿಯೂ ಹಾಡಿರಲಿಲ್ಲ.

ಆ ಚೀನಾದ ಹಾಡುಗಾರ್ತಿ ಬರುವ ತನಕ.

ಅವಳ ಹೆಸರು ದುವಾನ್ ಮೇ. ಮೊದಲ ಸಲ ಬಂದಾಗ ರೇಷ್ಮಾಳ ಅವ್ವ ಯಲ್ಲಕ್ಕ ಒಲೆಯ ಮುಂದೆ ಕೂತೇ ಕೇಳಿದ್ದಳು: "ಹೆಸರ ಏನಂದಿ? ಮೇ? ಅಯ್ಯ, ನಮ್ಮ ಕುರಿ ಮುಂಜಾನಿಂದ ಸಂಜೀತನಾ ಅದನ್ನ ಒದರತಾವಲ್ಲ ಬೇ!" ರೇಷ್ಮಾ ಇದನ್ನು ಇಂಗ್ಲಿಷಿನಲ್ಲಿ ತಿಳಿಸಿದಾಗ ಮೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವಳ ಫೋನಿನಲ್ಲಿ ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಒಂದು ಆ್ಯಪ್ ಇತ್ತು. ಅದು ಗಂಭೀರವಾದ ಗಂಡುದನಿಯಲ್ಲಿ, "ಮಾನ್ಯ ಅಜ್ಜಿಯವರೇ, ತಮ್ಮ ರೊಟ್ಟಿಯಿಂದ ನಾನು ಅತ್ಯಂತ ಸಂತುಷ್ಟಳಾಗಿದ್ದೇನೆ," ಎಂದಿತು.

"ಯಾರ್ದ ಬೇ ಈ ದನಿ?" ಎಂದಿದ್ದಳು ಆಯಿ. "ತಹಶೀಲ್ದಾರ ಸಾಹೇಬರದೇನ?"

ಮೇ ಹುಟ್ಟಿದ್ದು ಗಾನ್ಸು ಎಂಬ ಪ್ರಾಂತದ ಒಂದು ಒಣ ಊರಿನಲ್ಲಿ. ಅವಳಪ್ಪ ಕುರಿ ಸಾಕುವವರಿಂದ ಉಣ್ಣೆ ಕೊಂಡು, ಹೊಳೆಯಲ್ಲಿ ತೊಳೆಸಿ, ಗಿರಣಿಗೆ ಮಾರುತ್ತಿದ್ದ. ಉಣ್ಣೆ ತೊಳೆಯುವ ಹೆಂಗಸರ ಹಾಡು ಕೇಳುತ್ತ ಬೆಳೆದ ಹುಡುಗಿ ಹತ್ತೊಂಬತ್ತಕ್ಕೆ ಗಿಟಾರು ಹೆಗಲಿಗೇರಿಸಿ ಲಾನ್‌ಝೋ ಪಟ್ಟಣಕ್ಕೆ ಹೋದಳು. ಅಲ್ಲಿ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಮೂವರು ಗೆಳೆಯರನ್ನು ಕೂಡಿಸಿಕೊಂಡು, ಆ ಹಳೆಯ ಹಾಡುಗಳ ಧಾಟಿಗೆ ತನ್ನ ಮಾತು ಬರೆದು, ಡ್ರಮ್ಮು ತಂತಿಗಳ ಅಬ್ಬರದಲ್ಲಿ ಹಾಡತೊಡಗಿದಳು. ಒಂದು ಕಂಪನಿ ಬಂತು. ಹಾಡು ಸಣ್ಣದು ಮಾಡಿರಿ, ಬಟ್ಟೆ ಬದಲಿಸಿರಿ, ನಾವು ಹೇಳಿದಲ್ಲಿ ಹಾಡಿರಿ ಎಂದಿತು. ಮೂವರು ಹೋದರು. ಇವಳು ಹೋಗಲಿಲ್ಲ.

ಅಂದಿನಿಂದ ಅವಳು ಯಾರ ಕೈ ಕೆಳಗೂ ಹಾಡಲಿಲ್ಲ. ಶಾವಿಗೆ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಕಿಟಕಿಗೆ ರಜಾಯಿ ತುರುಕಿ ಒಬ್ಬಳೇ ಹಾಡು ಮುದ್ರಿಸಿದಳು. ಕೆಳಗೆ ಹಿಟ್ಟಿನ ಎಳೆಯನ್ನು ಹಲಗೆಗೆ ಬಡಿಯುವ ಸಪ್ಪಳ ಆ ಮೊದಲ ಆಲ್ಬಮ್ಮಿನ ತುಂಬ ಇದೆಯಂತೆ; ಕೇಳಿದವರು ಅದನ್ನು ತಾಳವೆಂದೇ ತಿಳಿದರು. ಸೀಡಿಗಳನ್ನು ತಾನೇ ಡಬ್ಬಿಗೆ ತುಂಬಿ, ಚೀಲದಲ್ಲಿ ಹೊತ್ತು, ರೈಲಿನಲ್ಲಿ ಊರೂರು ತಿರುಗಿ ಮಾರಿದಳು. ಪುಸ್ತಕದಂಗಡಿ, ಚಹಾದಂಗಡಿ, ಮುಚ್ಚಿದ ಗಿರಣಿ, ಎಲ್ಲಿ ಕರೆದರೆ ಅಲ್ಲಿ ಹಾಡಿದಳು. ಮೂರು ಆಲ್ಬಮ್ಮು ಹಾಗೆ ಬಂದವು. ಆಮೇಲೆ ಅಪ್ಪ ಸತ್ತ. ಅದರ ಹಿಂದೆಯೇ ರೋಗದ ಕಾಲ ಬಂದು ಬಾಗಿಲುಗಳೆಲ್ಲ ಮುಚ್ಚಿದವು. ಬಾಗಿಲುಗಳು ಮತ್ತೆ ತೆರೆದಾಗ ಅವಳಿಗೆ ಹಾಡು ಬರಲಿಲ್ಲ. ದನಿ ಇತ್ತು, ಬೆರಳು ನಡೆಯುತ್ತಿದ್ದವು, ಹಾಡು ಮಾತ್ರ ಹುಟ್ಟಲಿಲ್ಲ. ಮಕ್ಕಳಿಗೆ ಗಿಟಾರು ಕಲಿಸಿ ಹೊಟ್ಟೆ ಹೊರೆದಳು. "ಬಾವಿಗೆ ಕೊಡ ಬಿಟ್ಟರೆ ಕಲ್ಲಿಗೆ ತಾಗಿದ ಸಪ್ಪಳ ಬರುತ್ತದಲ್ಲ, ಹಾಗೆ," ಎಂದು ಅವಳು ರೇಷ್ಮಾಳಿಗೆ ಹೇಳಿದ್ದಳು.

ರೇಷ್ಮಾ ಜಮಖಂಡಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಚಿಕ್ಕಪಡಸಲಗಿಯ ತೋಟದ ಮನೆಯಿಂದ ಸ್ಕೂಟಿಯಲ್ಲಿ ಹೋಗಿ ಬರುತ್ತಾಳೆ. ಕುರಿಯ ಉಣ್ಣೆ ಕತ್ತರಿಸುವಾಗ ಆಯಿ ಹಾಡಿದ್ದನ್ನು ಒಮ್ಮೆ ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದ್ದಳು. ಎಲ್ಲಿಂದ ಎಲ್ಲಿಗೋ ಹರಿದು ಅದು ಮೇ ಕಿವಿಗೆ ಬಿದ್ದಿತ್ತು. ಹೋದ ದೀಪಾವಳಿ ಕಳೆದ ಮೇಲೆ ಮುಂಬಯಿಗೆ ಬಂದು, ಮೀರಜಕ್ಕೆ ರೈಲು ಹಿಡಿದು, ಬಸ್ಸು ಬದಲಿಸುತ್ತ ಅವಳು ಮನೆಗೇ ಬಂದುಬಿಟ್ಟಳು. ಸಾಬಣ್ಣ ಗಿಟಾರನ್ನು ತಿರುಗಿಸಿ ನೋಡಿ, "ಚರ್ಮ ಇಲ್ಲ, ಬರೇ ತಂತಿ. ನಮ್ಮವರು ಒಂದ ಪೆಟ್ಟ ಕೊಟ್ರ ಕಟ್ಟಿಗಿ ಒಲಿಗಾತು," ಎಂದಿದ್ದ.

ಆಗ ಆಯಿ ಅವಳಿಗೆ ಹತ್ತಾರು ಪದ ಹಾಡಿದಳು. ಹೊರಡುವ ಹಿಂದಿನ ಮಧ್ಯಾಹ್ನ, ಬ್ಯಾರೇಜಿನ ಪಕ್ಕದ ದಂಡೆಯಲ್ಲಿ, ಮೇ ಒಂದು ಮಾತು ಕೇಳಿದಳು. ಬೇರೆ ಯಾರೂ ಹಾಡದ ಪದ ನಿಮ್ಮ ಹತ್ತಿರ ಯಾವುದಿದೆ?

ಆಯಿಯ ಕಣ್ಣಲ್ಲಿ ಮಿಂಚಿದ್ದು ರೇಷ್ಮಾಳಿಗೆ ಕಂಡಿತ್ತು. ತನ್ನನ್ನು ಗೆಲ್ಲಿಸಿದ ಸವಾಲನ್ನು ಯಾವ ಹಾಡುಗಾರ್ತಿ ಮರೆಯುತ್ತಾಳೆ?

"ಸವಾಲ ಖಾಲಿ ಜಾಗಾಕ ಹಾಡಬಾರ್ದು," ಎಂದಳು ಆಯಿ. "ಎದುರಿಗಿ ಯಾರರ ಕೂಡಬೇಕು."

"ನಾ ಕೂಡತೀನಿ ತಗೋ ಬೇ."

"ನೀ ಮೇಳದಾಕಿ ಅಲ್ಲ, ಮಾಸ್ತರಣಿ. ನಿನ್ನ ಮುಂದ ಹಾಡಿದ್ರ ಮಾರ್ಕ್ಸ ಹಾಕತಿ."

ಹೀಗೆ ಚೇಷ್ಟೆ ಮಾಡುತ್ತಲೇ ಆಯಿ ಅಭ್ಯಾಸಬಲದಿಂದ ತಿರುಗಿ ಕೂತಳು, ಎದುರು ಮೇಳ ಯಾವ ಕಡೆಯಿಂದ ಬರುತ್ತಿತ್ತೋ ಆ ಕಡೆಗೆ. ಆ ಕಡೆ ಈಗ ನೀರಿತ್ತು. ಕೆಂಪವ್ವ ಬರುತ್ತಿದ್ದ ದಾರಿ, ಅವಳ ಹಳ್ಳಿ, ಎಲ್ಲವೂ ಆ ದಿಕ್ಕಿನಲ್ಲೇ, ನೀರಿನ ಕೆಳಗೆ. ವಾಯಿದೆ ಕೇಳಿ ಹೋದವಳ ಮುಂದೆ ಅದೇ ಸವಾಲನ್ನು ಮತ್ತೆ ಹಾಡುವುದೆಂದರೆ, ವಾಯಿದೆ ಮುಗಿಯಿತು, ಜವಾಬು ತಾ ಎಂದು ತಗಾದೆ ಮಾಡಿದಂತೆ. ಆಯಿಗೆ ಇದು ಗೊತ್ತಿತ್ತು. ಆ ಬಿಸಿಲಿನಲ್ಲಿ, ಆ ಹುರುಪಿನಲ್ಲಿ, ನೆನಪಾಗಲಿಲ್ಲ.

*ಬೀರಣ್ಣನ ಕಂಬಳಿಗಿ ಮೊದಲೆಳಿ ಕೊಟ್ಟ ಕುರಿ ಯಾವ ಹಟ್ಟೀದ?*
*ಆ ಕುರಿಗಿ ಕಡೀ ನೀರ ಕುಡಿಸಿದ ಕೈ ಯಾರದ?*

ಮೇ ಅದನ್ನು ಫೋನಿನಲ್ಲಿ ಹಿಡಿದುಕೊಂಡು ಹೋದಳು. ರೇಷ್ಮಾ ಅರ್ಥವನ್ನು ಬರೆದು ಕಳಿಸಿದಳು. ಚಳಿಗಾಲ ಮುಗಿಯುವುದರೊಳಗೆ ಅವಳ ಹೊಸ ಹಾಡು ಹೊರಬಂತು.

ಈಗ, ಎರಡನೆಯ ಸಲ ಬಂದ ಮರುದಿನ, ಆ ಹಾಡಿನ ಕತೆಯನ್ನು ಮೇ ಒಲೆಯ ಪಕ್ಕ ಕೂತು ಹೇಳಿದಳು. ಭಾನುವಾರ. ಸಾಬಣ್ಣ ಬೆಳಿಗ್ಗೆಯೇ ಮುಧೋಳಕ್ಕೆ ಹೋಗಿದ್ದ. ಯಲ್ಲಕ್ಕ ರೊಟ್ಟಿ ಬಡಿದಿಟ್ಟು, "ಇಕಿ ಮೊದಲಿಗಿಂತಾ ಸೊರಗ್ಯಾಳ, ನಾಕ ರೊಟ್ಟಿ ತಿನ್ನಸ್ರಿ," ಎಂದು ಹೇಳಿ ಕಳೆ ಕೀಳಲು ಹೋದಳು. ಮನೆಯಲ್ಲಿ ಉಳಿದವರು ಮೂವರು.

ಸವಾಲನ್ನು ಮೇ ಕನ್ನಡದಲ್ಲೇ ಹಾಡುತ್ತಿದ್ದಳಂತೆ. ಹಿಂದೆ ಮುಂದೆ ತನ್ನ ಭಾಷೆಯ ಮಾತು. ಸವಾಲು ಮುಗಿದ ಮೇಲೆ ವಾದ್ಯಗಳನ್ನೆಲ್ಲ ನಿಲ್ಲಿಸಿಬಿಡುತ್ತಿದ್ದಳು. ಪ್ರಶ್ನೆ ಕೇಳಿದ ಮೇಲೆ ಕಾಯಬೇಕಲ್ಲ, ಅದಕ್ಕೆ. ಮೊದಲ ಊರಿನಲ್ಲಿ, ಆ ಮೌನದಲ್ಲಿ, ಹಿಂದುಗಡೆ ಎಲ್ಲೋ ಟಕ್ ಎಂದಿತು. ಜೊತೆಗೆ ನುಡಿಸಲು ಕರೆದೊಯ್ದಿದ್ದ ಡ್ರಮ್ಮಿನವನು ಬಡಿದನೆಂದು ಅವಳು ಬೈದಳು. ಅವನು ಕೈ ಮೇಲೆತ್ತಿ ತೋರಿಸಿದ. ಎರಡನೆಯ ಊರಿನಲ್ಲೂ ಟಕ್ ಎಂದಿತು, ಸ್ವಲ್ಪ ಹತ್ತಿರದಿಂದ. ಜನರಿಗೆ ಅದು ಹಿಡಿಸಿತು. ಆ ಒಂದು ಪೆಟ್ಟಿಗಾಗಿ ಉಸಿರು ಬಿಗಿಹಿಡಿದು ಕಾಯತೊಡಗಿದರು. ಬಂದಾಗ ಚಪ್ಪಾಳೆ. ಸಣ್ಣ ಕೋಣೆಗಳು ಸಾಲದೆ ದೊಡ್ಡ ಸಭಾಂಗಣಗಳಾದವು. ವರ್ಷಗಟ್ಟಲೆ ಅವಳನ್ನು ಮರೆತವರು ಫೋನು ಮಾಡಿದರು. ಊರಿನಿಂದ ಊರಿಗೆ ಪೆಟ್ಟು ಹತ್ತಿರವಾಗುತ್ತ ಬಂತು. ಕಡೆಯ ಊರು ಲಾನ್‌ಝೋ. ಅಲ್ಲಿ ಅದು ಅವಳ ಕಿವಿಯ ಪಕ್ಕದಲ್ಲೇ ಆಯಿತು, ಯಾರೋ ಅವಳ ಗಿಟಾರಿನ ಕಟ್ಟಿಗೆಗೇ ಬಡಿದಂತೆ. ಆಮೇಲೆ ಒಂದು ದನಿ ಹಾಡಿತು.

"ಹೆಂಗಸಿನ ದನಿ," ಎಂದಳು ಮೇ. "ನನಗೆ ಮಾತ್ರ ಕೇಳಿಸಿತು. ಯಾವ ಮೈಕಿಗೂ ಸಿಕ್ಕಿಲ್ಲ. ನಾನು ಮನೆಗೆ ಹೋಗಿ ನೆನಪಿನಿಂದ ಹಾಡಿ ಇಟ್ಟುಕೊಂಡೆ. ಈ ಆ್ಯಪಿಗೆ ಕೇಳಿಸಿದರೆ, ಮೋಡ, ಮೋಡ, ಕೋಳಿ ಎಂದು ಬರೆಯಿತು." ಅವಳು ನಗಲು ನೋಡಿದಳು. "ಹೆದರಿಕೆ ಆಗಿಲ್ಲ ಎಂದರೆ ಸುಳ್ಳು. ಆದರೆ ರೇಷ್ಮಾ, ಅದು ಅಷ್ಟು ಚಂದ ಇದೆ. ನನ್ನ ಹಾಡಿನ ಉಳಿದ ಅರ್ಧ ಅದು. ಅರ್ಥ ಗೊತ್ತಿಲ್ಲದೆ ಹೇಗೆ ಹಾಡಲಿ?"

ರೇಷ್ಮಾ ಇದನ್ನೆಲ್ಲ ಆಯಿಗೆ ಹೇಳಿದಳು. ಆಯಿ ಬೆರಳಿನಲ್ಲಿದ್ದ ಬೆಳ್ಳಿ ಉಂಗುರವನ್ನು ತಿರುಗಿಸುತ್ತ ಕೇಳಿದಳು.

"ಹಾಡಾಕ ಹೇಳು."

ಮೇ ಫೋನು ತೆಗೆದು ನೆಲದ ಮೇಲಿಟ್ಟಳು. ಆಯಿ ಅದರ ಮೇಲೆ ಅಂಗೈ ಮುಚ್ಚಿದಳು. "ಆ ಸಾಹೇಬರನ್ನ ಮಲಗಸು."

ರೇಷ್ಮಾ ಫೋನು ಬಂದ್ ಮಾಡಿದಳು. ಹೊರಗೆ ಬಿಸಿಲು ಬೆಳ್ಳಗಿತ್ತು. ಅಂಗಳದ ಕೋಳಿಗಳು ತಿಪ್ಪೆ ಕೆದರುತ್ತಿದ್ದವು. ಮೇ ಕಣ್ಣು ಮುಚ್ಚಿ ಹಾಡತೊಡಗಿದಳು.

ರೇಷ್ಮಾ ಭಾಷೆ ಕಲಿಸುವವಳು. ಅವಳನ್ನು ಹೆದರಿಸಿದ್ದು ಹಾಡಲ್ಲ, ಉಚ್ಚಾರ. ಮೇ ಬಾಯಿಗೆ "ಳ" ಬರುವುದಿಲ್ಲ. "ಡೊಳ್ಳು" ಎನ್ನಲು ವಾರವಿಡೀ ಹೆಣಗಿ "ತೊಲ್ಲು" ಎಂದೇ ಉಳಿದವಳು. ಈಗ ಪ್ರತಿಯೊಂದು "ಳ" ನಾಲಗೆ ಮಡಚಿ ಮೇಲಕ್ಕೆ ತಾಗಿ ಬರುತ್ತಿತ್ತು. ಸಾಲಿನ ಕೊನೆಯನ್ನು ಎಳೆಯುವ ರೀತಿ ಜಮಖಂಡಿಯದೂ ಅಲ್ಲ, ಬೀಳಗಿ ಕಡೆಯದು.

*ಮೊದಲೆಳಿ ಕೊಟ್ಟ ಕುರಿ ಮುಳುಗಿದ ಹಟ್ಟೀದ,*
*ಕಡೀ ನೀರ ಕುಡಿಸಿದ ಕೈ ನಂದ ತಂಗೀ, ಕೈ ನಂದ.*

"ಕೆಂಪಿ," ಎಂದಳು ಆಯಿ.

ಜವಾಬು ಗೊತ್ತಿರುವವರು ಅದನ್ನು ಕೇಳುವ ರೀತಿ ಬೇರೆ; ಪರೀಕ್ಷೆಯ ಉತ್ತರ ಓದುವ ಮಾಸ್ತರರ ಹಾಗೆ, ಸರಿಯೋ ತಪ್ಪೋ ಎಂದು. ಆಯಿ ಹಾಗೆ ಕೇಳಲಿಲ್ಲ. ತಾನು ಹಾಕಿದ ಸವಾಲಿನ ಜವಾಬು ತನಗೇ ಗೊತ್ತಿರದೆ, ಜೀವಮಾನದಲ್ಲಿ ಮೊದಲ ಸಲ ಕೇಳುವವಳ ಹಾಗೆ ಬಾಯಿ ತೆರೆದು ಕೇಳಿದಳು. ರೇಷ್ಮಾ ಅದನ್ನು ಕಂಡಳು, ಕಂಡದ್ದನ್ನು ಒಳಗೇ ಇಟ್ಟುಕೊಂಡಳು.

ಮೇ ಅಲ್ಲಿಗೆ ನಿಲ್ಲಿಸಲಿಲ್ಲ. ಜವಾಬು ಕೊಟ್ಟ ಮೇಳಕ್ಕೆ ತಿರುಗಿ ಸವಾಲು ಹಾಕುವ ಹಕ್ಕಿರುತ್ತದೆ. ಮೂರನೆಯ ನುಡಿ ಗಿಡ್ಡದು, ಒಂದೇ ಸಾಲು. ಒಂದು ಮಗುವೂ ಕೇಳಬಹುದಾದಂಥ ಪ್ರಶ್ನೆ. ಎರಡನೆಯ ಸಲ ಯೋಚಿಸಿದರೆ ಮಾತ್ರ ಅದಕ್ಕೆ ತಳವಿಲ್ಲ ಎಂದು ತಿಳಿಯುವಂಥದು. ಆ ಸಾಲು ಇಲ್ಲಿ ಬೇಡ.

ಹಾಡು ಮುಗಿದಾಗ ಕೋಳಿಗಳ ಸಪ್ಪಳವೂ ನಿಂತಿತ್ತು. ಮೇ ಕಣ್ಣು ಬಿಟ್ಟು, "ಏನು? ಏನು ಹೇಳುತ್ತದೆ?" ಎಂದಳು.

ಆಯಿ ಅವಳತ್ತ ನೋಡಲಿಲ್ಲ. ಮೊಮ್ಮಗಳ ಮುಖವನ್ನೇ ನೋಡಿದಳು.

"ಇಕಿಗಂತೂ ತಿಳಿದಿಲ್ಲ. ಇಕಿ ಬರೇ ಹೊತ್ತಗೊಂಡ ಬಂದಾಕಿ. ಕಡೀ ನುಡಿ ನಿನಗ ತಿಳೀತೇನ?"

ರೇಷ್ಮಾಳಿಗೆ ತಿಳಿದಿತ್ತು. ಅಕ್ಷರ ಅಕ್ಷರ ತಿಳಿದಿತ್ತು. ಆಗಲೇ ಅವಳ ಮನಸ್ಸು, ಬೇಡವೆಂದರೂ, ಜವಾಬು ಹುಡುಕುತ್ತ ಆ ತಳವಿಲ್ಲದ ಕಡೆಗೆ ಒಂದು ಹೆಜ್ಜೆ ಇಟ್ಟು ಹಿಂದೆ ಸರಿದಿತ್ತು. ಅವಳು ಆಯಿಯ ಕಣ್ಣು ತಪ್ಪಿಸಿದಳು.

"ಇಲ್ಲ ಬೇ. ಹಳೀ ಮಾತು. ತಿಳೀಲಿಲ್ಲ."

ಆಯಿ ಉಂಗುರವನ್ನು ಮತ್ತೊಂದು ಸುತ್ತು ತಿರುಗಿಸಿದಳು.

"ಛಲೋ ಆತು," ಎಂದಳು. "ತಿಳಿದವರಷ್ಟ ಇದರಾಗ ಸಿಗತಾರ. ಒಬ್ಬಾಕಿ ಸಾಕು."

"ಆಯಿ, ನಿನಗ ಜವಾಬ ಗೊತ್ತೈತೇನ?"

"ಗೊತ್ತಿದ್ರ ಹಿಂಗ ಕೂಡತಿದ್ನೇನ ಹುಚ್ಚಿ?"

ಅವಳು ಎದ್ದು ಪಡಸಾಲೆಗೆ ಹೋದಳು. ಡೊಳ್ಳಿನ ಮೇಲಿನ ಕಂಬಳಿ ತೆಗೆದು, ದೇವರ ಗೂಡಿನಿಂದ ಭಂಡಾರ ತಂದು, ಆ ಅರಿಶಿನದ ಪುಡಿಯನ್ನು ಡೊಳ್ಳಿಗೂ ತನ್ನ ಹಣೆಗೂ ಹಚ್ಚಿದಳು. ಬಾಗಿಲಿಗೆ ಬಂದು ನದಿಯ ಕಡೆ ಮುಖ ಮಾಡಿ ನಿಂತಳು. ನದಿ ಅಲ್ಲಿಂದ ಕಾಣುವುದಿಲ್ಲ, ನಡುವೆ ಕಬ್ಬು. ಗಾಳಿ ಇರಲಿಲ್ಲ, ಆದರೂ ಕಬ್ಬಿನ ನಡುವೆ ಒಂದು ಸಾಲು ಮಾತ್ರ, ಯಾರೋ ಒಬ್ಬರು ಬಗ್ಗಿಕೊಂಡು ಮನೆಯ ಕಡೆಗೆ ಬರುತ್ತಿರುವ ಹಾಗೆ, ಅಲುಗುತ್ತ ಅಲುಗುತ್ತ ಬಂದು ಬದುವಿನ ಹತ್ತಿರ ನಿಂತಿತು.

"ವಾಯಿದೆ ಕೊಡು, ಕೆಂಪಿ," ಎಂದಳು ಆಯಿ.

ಆಮೇಲೆ ತನ್ನ ಅಂಗೈಯನ್ನು ಬಾಯಿಯ ಮೇಲಿಟ್ಟುಕೊಂಡಳು. ಅದೇ ಅವಳ ಕಡೆಯ ಮಾತು.

ಕಬ್ಬಿನ ಸಾಲು ನೆಟ್ಟಗಾಯಿತು. ಬಂದ ದಾರಿಯಲ್ಲಿ ಅದು ಮತ್ತೆ ಅಲುಗಿದ್ದನ್ನು ರೇಷ್ಮಾ ನೋಡಲಿಲ್ಲ. ನೋಡಬಾರದೆಂದು ಅವಳು ಮೇಯ ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿದ್ದಳು.

"ಅಜ್ಜಿ ಏನೆಂದರು?"

"ದಣಿದಿದ್ದಾರೆ," ಎಂದಳು ರೇಷ್ಮಾ. ಮೊದಲ ಎರಡು ಸಾಲಿನ ಅರ್ಥ ಹೇಳಿದಳು. ಮೂರನೆಯದು ಆಮೇಲೆ ನೋಡೋಣ, ಬಹಳ ಹಳೆಯ ಮಾತು ಎಂದಳು.

ಮೇ ಇನ್ನೆರಡು ದಿನ ಇದ್ದಳು. ಆಯಿಗೆ ಗಂಟಲು ಕಟ್ಟಿದೆ ಎಂದು ನಂಬಿ, ಸಾವಳಗಿಗೆ ಹೋಗಿ ಜೇನುತುಪ್ಪ ತಂದಳು. ಹೊರಡುವಾಗ ಆಯಿಯ ಕಾಲು ಮುಟ್ಟಿದಳು. ಆಯಿ ತನ್ನ ಬೆಳ್ಳಿ ಉಂಗುರವನ್ನು ತೆಗೆದು ಅವಳ ಬೆರಳಿಗೆ ಹಾಕಿದಳು. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುವವಳು ಹೇಳುವಂತಿರಲಿಲ್ಲ.

ಸಾಬಣ್ಣ ತಾಯಿಯನ್ನು ಮೊದಲು ಜಮಖಂಡಿಯಲ್ಲಿ ತೋರಿಸಿದ, ಆಮೇಲೆ ಮುಧೋಳದಲ್ಲಿ. ಗಂಟಲಿಗೆ ನಳಿಕೆ ಇಳಿಸಿ ನೋಡಿದರು. ತಲೆಯ ಚಿತ್ರ ತೆಗೆದರು. ಎಲ್ಲ ಸರಿಯಿತ್ತು.

"ಅಜ್ಜೀಗೆ ಏನಾರ ಹೆದರಿಕಿ ಆಗಿತ್ತೇನ್ರಿ?" ಎಂದು ಡಾಕ್ಟರು ಕೇಳಿದರು. "ಆ ದಿನ ಜೋಡಿ ಯಾರಿದ್ರಿ?"

"ನಾನಿದ್ದೆ," ಎಂದಳು ರೇಷ್ಮಾ. "ಏನೂ ಆಗಿಲ್ರಿ. ಸುಮ್ನ ಕುಂತಿದ್ವಿ."

ಮನೆಗೆ ಬರುವ ದಾರಿಯಲ್ಲಿ ಸಾಬಣ್ಣ ಗಾಡಿ ನಿಲ್ಲಿಸಿ ಮಗಳ ಕಡೆ ತಿರುಗಿದ. "ಖರೆ ಹೇಳ ತಂಗಿ. ಆ ಚೀನಾದಾಕಿ ಏನರ ತಿನ್ನಾಕ ಕೊಟ್ಟಾಳೇನ?"

"ಏನ ಮಾತಾಡ್ತಿ ಅಪ್ಪಾ. ಅಕೀನ ನಮ್ಮ ಮನಿ ರೊಟ್ಟಿ ತಿಂದ ಹೋಗ್ಯಾಳ."

ಯಲ್ಲಕ್ಕ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ಕೆಟ್ಟ ದೃಷ್ಟಿ ತಾಗಿದ್ದು ಖರೆ ಎಂದು ಅವಳೇ ಅತ್ತಳು. ಮನೆಯಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಸಂಜೆಯ ಹೊತ್ತು. ಆಯಿ ಹಟ್ಟಿಯ ಬಾಗಿಲಿನಲ್ಲಿ ನಿಂತು ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕರೆಯುವ ರೂಢಿ ಇತ್ತು. ಈಗ ಅವಳು ನಿಂತಿರುತ್ತಾಳೆ, ತುಟಿ ಅಲುಗುತ್ತವೆ. ಕುರಿಗಳು ಅವಳನ್ನು ನೋಡುತ್ತ ದೂರವೇ ನಿಲ್ಲುತ್ತವೆ. ಕರೆಯದವಳು ಯಾರೆಂದು ಅವಕ್ಕೆ ಗುರುತು ಹತ್ತುವುದಿಲ್ಲ. ಊಟ ಅರ್ಧಕ್ಕಿಳಿದಿತ್ತು. ಆಯಿ ದಿನದಿನಕ್ಕೆ ಹಗುರಾಗುತ್ತಿದ್ದಳು, ಸೀರೆಯ ಒಳಗೆ ಯಾರೋ ಕರಗುತ್ತಿರುವ ಹಾಗೆ. ಕಣ್ಣು ಮಾತ್ರ ಹಗಲಿರುಳು ಏನನ್ನೋ ಹುಡುಕುತ್ತಿದ್ದವು. ಏನನ್ನೆಂದು ರೇಷ್ಮಾಳಿಗೆ ಗೊತ್ತಿತ್ತು. ಅದು ಸಿಗದೆ ಆಯಿ ಹೋದರೆ ಸವಾಲು ತಿಳಿದವಳ ಮೇಲೆ, ತನ್ನ ಮೇಲೆ, ಬೀಳುತ್ತದೆ ಎಂಬುದೂ ಗೊತ್ತಿತ್ತು. ಕಾಲೇಜಿನಲ್ಲಿ ಪಾಠ ಮಾಡುತ್ತ ಮಾಡುತ್ತ ಅವಳೂ ಒಮ್ಮೊಮ್ಮೆ ನಡುವೆ ನಿಂತುಬಿಡುತ್ತಿದ್ದಳು. ಹುಡುಗಿಯರು ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಹೀಗಿರುವಾಗ ಮೇ ಬರೆದಳು.

ಅವಳ ಬಾಳಿನಲ್ಲೇ ದೊಡ್ಡ ಸಭೆಗೆ ಕರೆ ಬಂದಿತ್ತು. ಬಯಲಿನಲ್ಲಿ ಮೂರು ದಿನ ನಡೆಯುವ ಹಾಡಿನ ಹಬ್ಬ. ಸಾವಿರ ಸಾವಿರ ಜನ. ಯಾವ ಕಂಪನಿಯೂ ಇಲ್ಲದೆ, ಯಾರಿಗೂ ತಲೆ ಬಾಗದೆ ಆ ವೇದಿಕೆಗೆ ಹೋಗುತ್ತಿರುವವಳು ತಾನೊಬ್ಬಳೇ ಎಂದು ಬರೆದಿದ್ದಳು. ಲಾನ್‌ಝೋದ ನಂತರ ಆ ಪೆಟ್ಟು ಮತ್ತೆ ಬಂದಿಲ್ಲ, ಆದರೆ ಅದರ ಚಿಂತೆಯಿಲ್ಲ, ಈಗ ಹಾಡು ಪೂರ್ತಿಯಾಗಿದೆ. ಮೂರೂ ನುಡಿ ಹಾಡುತ್ತೇನೆ. ಹಿಂದೆ ದೊಡ್ಡ ಪರದೆ ಇರುತ್ತದೆ. ಅದರ ಮೇಲೆ ಅರ್ಥವನ್ನು ನಮ್ಮ ಭಾಷೆಯಲ್ಲಿ ತೋರಿಸಬೇಕು. ಮೂರನೆಯ ಸಾಲಿನದು ದಯವಿಟ್ಟು ಇವತ್ತೇ ಕಳಿಸು.

ರೇಷ್ಮಾ ಫೋನು ಹಿಡಿದು ಹಿತ್ತಲಿನ ಕಲ್ಲಿನ ಮೇಲೆ ಕೂತಳು.

ಸಾವಿರ ಸಾವಿರ ಜನ. ಅವರಲ್ಲಿ ಯಾರೋ ಒಬ್ಬರಿಗೆ ಜವಾಬು ಗೊತ್ತಿರಬಹುದು. ಎಲ್ಲೋ ಕುರಿ ಕಾಯುವ ಮುದುಕನಿಗೆ, ಉಣ್ಣೆ ತೊಳೆಯುವ ಹೆಂಗಸಿಗೆ. ಒಬ್ಬರು ಎದ್ದು ಜವಾಬು ಹಾಡಿದರೆ ಸಾಕು, ವಾಯಿದೆ ತೀರುತ್ತದೆ. ಆಯಿ ಈ ಸಂಜೆಯೇ ಕುರಿಗಳನ್ನು ಹೆಸರು ಹಿಡಿದು ಕರೆಯಬಹುದು. ತಾನೂ ರಾತ್ರಿ ನಿದ್ದೆ ಮಾಡಬಹುದು. ಒಂದು ಸಾಲು ಬರೆಯುವುದಷ್ಟೇ. ಅವಳ ಹೆಬ್ಬೆರಳು ಬರೆಯಿತು. ಇಂಗ್ಲಿಷಿನಲ್ಲಿ ಆ ಸಾಲು ಇನ್ನೂ ಸರಳವಾಗಿತ್ತು, ಇನ್ನೂ ತಳವಿಲ್ಲದೆ.

ಜವಾಬು ಗೊತ್ತಿಲ್ಲದವರು? ಪರದೆಯ ಮೇಲೆ ಓದಿ, ತಿಳಿದು, ಮನೆಗೆ ಹೋಗಿ ದೀಪ ಆರಿಸುವವರು? ಮೊದಲು ತಿಳಿಯುವವಳು ಮೇ. ಬರಡಾಗಿದ್ದ ಬಾವಿಯಲ್ಲಿ ಇಷ್ಟು ವರ್ಷಕ್ಕೆ ನೀರು ಕಂಡವಳು. ತಾನೇ ಹೊತ್ತು ತಂದದ್ದು ಏನೆಂದು ತಿಳಿದ ದಿನ ಅವಳ ಬಾಯಿಯೂ ಕಟ್ಟೀತು.

"ಏನ ಬರಿಯಾಕತ್ತಿ, ಚಾ ಆರಾಕತ್ತೈತಿ," ಎಂದು ಯಲ್ಲಕ್ಕ ಒಳಗಿನಿಂದ ಕೂಗಿದಳು.

"ಕಾಲೇಜಿಂದ ಬೇ. ಬಂದೆ."

ಬರೆದದ್ದನ್ನು ಅವಳು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಆಮೇಲೆ ಹೀಗೆ ಬರೆದು ಕಳಿಸಿದಳು: ಮೂರನೆಯ ಸಾಲಿಗೆ ಅರ್ಥವಿಲ್ಲ, ಮೇ. ಅದು ಡೊಳ್ಳಿನ ತಾಳಕ್ಕೆ ಹೇಳುವ ಬರಿಯ ಶಬ್ದ. ಆ ಹೊತ್ತಿಗೆ ಪರದೆ ಕತ್ತಲಾಗಿರಲಿ.

ಮೇ ಕೂಡಲೇ ಉತ್ತರಿಸಿದಳು. ಹಾಗಾದರೆ ಇನ್ನೂ ಚಂದ, ಎಂದು.

ರೇಷ್ಮಾ ತಲೆಯೆತ್ತಿದಳು. ಹಟ್ಟಿಯ ಬಾಗಿಲಿನಲ್ಲಿ ಆಯಿ ನಿಂತಿದ್ದಳು, ಕುರಿಗಳು ದೂರದಲ್ಲಿ. ಆಯಿ ಕುರಿಗಳನ್ನು ನೋಡುತ್ತಿರಲಿಲ್ಲ. ಮೊಮ್ಮಗಳ ಬಾಯಿಯನ್ನು ನೋಡುತ್ತಿದ್ದಳು, ಅದರೊಳಗೆ ಏನೋ ಇದೆ ಎಂದು ಗೊತ್ತಿರುವವಳ ಹಾಗೆ, ಅದು ಹೊರಬೀಳದಿರಲಿ ಎಂದು ಬೇಡುವವಳ ಹಾಗೆ.

ಮೇಗೆ ಹೇಳುವುದಿಲ್ಲ. ಅಪ್ಪನಿಗೆ, ಅವ್ವನಿಗೆ, ಡಾಕ್ಟರಿಗೆ ಹೇಳುವುದಿಲ್ಲ. ತಿಳಿದಿದೆ ಎಂದು ಆಯಿಗೂ ಹೇಳುವುದಿಲ್ಲ. ರೇಷ್ಮಾ ಎದ್ದು ಹೋಗಿ ಆಯಿಯ ಪಕ್ಕ ನಿಂತು, ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯತೊಡಗಿದಳು. ಹೆಸರುಗಳಷ್ಟನ್ನೇ, ಬೇರೆ ಏನನ್ನೂ ಅಲ್ಲ.